ನೀರು ತೋರಿಸಬಾರದ ಗಡಿಗೆ

ಬೆಲ್ಲದ ಬಾಗೇವಾಡಿಯ ಇಂದುಬಾಯಿಗೆ ಒಮ್ಮೆ ಅನುಮಾನ ಹತ್ತಿತೆಂದರೆ ಅದನ್ನು ಇಳಿಸುವ ಗಂಡಸು ಇಡೀ ಹುಕ್ಕೇರಿ ತಾಲೂಕಿನಲ್ಲೇ ಇರಲಿಲ್ಲ. ಹಾಲಿನವಳು ಕೊಡ ಇಳಿಸುವ ಮೊದಲೇ ಬೆರಳದ್ದಿ ನೋಡುವವಳು. ಗಿರಣಿಗೆ ಹೋದ ಜೋಳ ಹಿಟ್ಟಾಗಿ ಬಂದರೆ ಮತ್ತೆ ತೂಗಿಸುವವಳು. ಮಗ ಜಿನೇಂದ್ರ ಬೆಲ್ಲದ ವ್ಯಾಪಾರಕ್ಕೆಂದು ಕೊಲ್ಲಾಪುರಕ್ಕೆ ಹೋಗಿ ಬಂದ ದಿನ, ಅವನ ಅಂಗಿಯನ್ನು ಒಗೆಯಲು ಹಾಕುವ ಮುಂಚೆ ಮೂಸಿ ನೋಡುತ್ತಿದ್ದಳು. ಯಾಕೆ ಅಂತೀರಾ? ಪೇಟೆಯ ಹೋಟೆಲುಗಳಲ್ಲಿ ಯಾವ ಪಾತ್ರೆಯಲ್ಲಿ ಏನು ಬೇಯುತ್ತದೋ ಯಾರು ಕಂಡಿದ್ದಾರೆ! ಇವರದು ಜೈನರ ಮನೆ. ನೀರು ಸೋಸಿ ಕುಡಿಯುವ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ, ಉಳ್ಳಾಗಡ್ಡಿ ಕೂಡ ಹೊಸ್ತಿಲು ದಾಟದ ಮನೆ.

ಅಂಥವಳ ಹಿತ್ತಲಿಗೆ ೨೦೦೩ರ ಚಳಿಗಾಲದ ಒಂದು ಮಧ್ಯಾಹ್ನ ನಾಲ್ಕು ಆಳುಗಳು ಏದುಸಿರು ಬಿಡುತ್ತ ಟೆಂಪೋದಿಂದ ಹೊತ್ತು ಇಳಿಸಿದ್ದೇನು? ಒಂದು ತತ್ತಿ. ಸೊಂಟದೆತ್ತರದ ನೀಲಿ ಬಣ್ಣದ ತತ್ತಿ. ನಡುವಿಗೆ ಬಿಜಾಗರಿ, ಎತ್ತಿದರೆ ಮೇಲಿನ ಅರ್ಧ ಮುಚ್ಚಳದಂತೆ ತೆರೆಯುತ್ತಿತ್ತು.

"ಅಯ್ಯ ಅರಿಹಂತಾ! ಏನೋ ಇದು? ನೋಡಾಕ ತತ್ತಿ ಆಗೇತಿ!"

"ಒಲಿ ಅವ್ವಾ, ಒಲಿ. ಇದ್ಲಿ ಹಾಕಿ ಸುಡೂ ಒಲಿ," ಎಂದ ಜಿನೇಂದ್ರ. "ಮಣ್ಣಿಂದು. ಚಹಾದ ಕಪ್ಪ ಇರತಾವಲ್ಲ, ಹಂಗ ಸುಟ್ಟ ಮಾಡಿದ್ದು. ಒಳಗ ಹೊಗಿ ಹಿಡದ ಇಡತೈತಿ. ಅದರಾಗ ಗೊಂಜಾಳ ತೆನಿ ಸುಟ್ರ ರುಚೀನ ಬ್ಯಾರೆ."

ಮೂಡಲಗಿಯ ಆಚೆ ಯಾವುದೋ ಕಾರ್ಖಾನೆಯ ಯಂತ್ರ ಜೋಡಿಸಲು ಬಂದ ಪರದೇಶಿ ಇಂಜಿನಿಯರುಗಳು ಎರಡು ವರ್ಷ ಬಂಗಲೆಯಲ್ಲಿದ್ದು ಹೋಗಿದ್ದರು. ಅವರು ಬಿಟ್ಟುಹೋದ ಸಾಮಾನನ್ನು ಕೂಗಿ ಮಾರುವ ಲಿಲಾವಿಗೆ ಜಿನೇಂದ್ರ ಕುರ್ಚಿ ತರಲೆಂದು ಹೋಗಿದ್ದ. ಕುರ್ಚಿ ಬಿಟ್ಟು ಇದನ್ನು ತಂದಿದ್ದ. ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನ ರಸ್ತೆಯಲ್ಲಿ ತಗಡಿನ ಅಂಗಡಿ ಹಾಕಿ, ಸುಟ್ಟ ಮೆಕ್ಕೆಜೋಳದ ತೆನೆ, ಎಳೆ ಜೋಳದ ಸೀತನಿ, ಡಬ್ಬು ಮೆಣಸಿನಕಾಯಿ, ರೊಟ್ಟಿ ಮಾರುವುದು ಅವನ ಲೆಕ್ಕಾಚಾರ.

ಇಂದುಬಾಯಿ ಕೇಳಿದ್ದು ಒಂದೇ ಮಾತು. "ಪರದೇಶಿ ಮಂದಿ ಇದರಾಗ ಏನ ಸುಡತಿದ್ರು?"

ಜಿನೇಂದ್ರ ತಲೆ ಕೆರೆದುಕೊಂಡ. ಉತ್ತರ ಬಂದದ್ದು ಟೆಂಪೋದ ಹಿಂದೆ ನಿಂತಿದ್ದ ಇನ್ನೊಬ್ಬನಿಂದ. "ಕೋಳಿ, ಮೀನ, ಎಲ್ಲಾ ಸುಡತಿದ್ರರೀ ಅವ್ವಾರ. ಸುಳ್ಳ ಯಾಕ ಹೇಳ್ಲಿ."

ಇವನು ಅರ್ಜುನ. ಗೋಕಾಕ ತಾಲೂಕಿನ ಮಮದಾಪುರದ ಸಾತಪ್ಪನ ಮಗ, ಇಪ್ಪತ್ತಾರರ ಆಳು, ಆ ಬಂಗಲೆಯಲ್ಲಿ ಅಡಿಗೆ ಮಾಡುತ್ತಿದ್ದವ. ಈ ಒಲೆಯ ಮರ್ಮ ಬಲ್ಲವನು ಈ ಸೀಮೆಗೆಲ್ಲ ಅವನೊಬ್ಬನೇ. ಕೊಲ್ಲಾಪುರದ ಹೋಟೆಲೊಂದು ಅವನನ್ನು ಕರೆದಿತ್ತು. ಜಿನೇಂದ್ರ ಬಾಜೂ ಕರೆದು, "ಅಲ್ಲಿ ನೂರ ಮಂದ್ಯಾಗ ಒಬ್ಬಾಂವ ಆಗ್ತಿ, ಇಲ್ಲಿ ನೀನs ಉಸ್ತಾದ," ಎಂದು ಒಪ್ಪಿಸಿದ್ದ. ಆ ಹುಡುಗ ಹೋಟೆಲಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿಬಿಟ್ಟಿದ್ದ.

ಇಂದುಬಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನದು ಅಪ್ಪನ ಕಾಲಕ್ಕೆ ಬೌದ್ಧರಾದವರ ಮನೆ. ಅವರು ಹಿಂದೆ ಏನಾಗಿದ್ದರು, ಊರ ಯಾವ ಬದಿಗೆ ಇರುತ್ತಿದ್ದರು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಬಾಯಿಬಿಟ್ಟು ಅದನ್ನು ಆಡುವಷ್ಟು ಒರಟು ಹೆಂಗಸಲ್ಲ ಬಿಡಿ. ಆದರೆ ಮನಸ್ಸಿನಲ್ಲಿ ಆಡಿಕೊಳ್ಳಲು ಯಾರಪ್ಪನ ಅಪ್ಪಣೆ ಬೇಕು?

"ನೀ ತಿಂತೀಯೇನೋ?"

"ನಮ್ಮ ಮನ್ಯಾಗ ತಿಂತೇವ್ರಿ. ನಿಮ್ಮ ಒಲ್ಯಾಗ ಮಾಡಂಗಿಲ್ಲ."

ಇಲ್ಲ ಎಂದಿದ್ದರೆ ಸುಳ್ಳುಗಾರ ಎನ್ನುತ್ತಿದ್ದಳು. ಹೌದು ಎಂದದ್ದಕ್ಕೆ ಭಂಡ ಎಂದುಕೊಂಡಳು.

ಮರುದಿನ ಹಿತ್ತಲಿನಲ್ಲಿ ಪಾಠ ಸುರುವಾಯಿತು. ಇಂದುಬಾಯಿ ಹಿತ್ತಲ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಹುಳುಹುಪ್ಪಡಿ ಇರದಂತೆ ಇದ್ದಿಲನ್ನು ಒಂದೊಂದೇ ತಟ್ಟಿ ನೋಡಿ ಬುಟ್ಟಿಗೆ ಹಾಕುತ್ತಿದ್ದಳು. ಕಿವಿ ಮಾತ್ರ ಆ ಕಡೆಗೇ.

"ಗಡಿಬಿಡಿ ಮಾಡಬಾರದ್ರಿ ಸಾವ್ಕಾರ್ರ," ಅರ್ಜುನ ಹೇಳುತ್ತಿದ್ದ. "ಇದ್ಲಿ ದಪ್ಪನೂವು ಕೆಳಗ, ಸಣ್ಣೂವು ಮ್ಯಾಲ. ಪುಡಿ ಹಾಕಬ್ಯಾಡ್ರಿ, ಗಾಳಿ ಆಡಂಗಿಲ್ಲ. ಚಿಮಣಿಯೆಣ್ಣಿ ಅಂತೂ ಬ್ಯಾಡs ಬ್ಯಾಡ, ಅದರ ವಾಸನಿ ಮಣ್ಣಾಗ ಕುಂತ್ರ ವರ್ಷಗಟ್ಟಲೆ ಹೋಗಂಗಿಲ್ಲ. ಒಂದ ಕುಳ್ಳಿನ ಚೂರ ಸಾಕು. ನಡುವ ಒಂದs ಕಡೆ ಹಚ್ಚೂದು."

ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ. ಕೆಳಗಿನದು ಗಾಳಿ ಎಳೆಯಲು, ಮೇಲಿನದು ಹೊಗೆ ಬಿಡಲು. ಎರಡನ್ನೂ ತೆರೆದರೆ ಬೆಂಕಿ ಏರುತ್ತದೆ, ಎರಡನ್ನೂ ಮುಚ್ಚಿದರೆ ತಾನಾಗಿ ಸಾಯುತ್ತದೆ, ಉಳಿದ ಇದ್ದಿಲು ನಾಳೆಗೆ ಬರುತ್ತದೆ. ಮುಚ್ಚಳದ ಮೇಲಿನ ಮುಳ್ಳು ಒಳಗಿನ ಕಾವು ತೋರಿಸುತ್ತದೆ. ಮುಳ್ಳು ಬೇಕಾದ ಕಡೆ ಬರುವ ಮುಂಚೆಯೇ ಕಿಂಡಿ ಕಿರಿದು ಮಾಡಬೇಕು, ದಾಟಿಹೋದರೆ ಇಳಿಸುವುದು ಕಷ್ಟ. ದಪ್ಪ ಮಣ್ಣು ಒಮ್ಮೆ ಕಾದರೆ ಕಾವನ್ನು ಬಿಟ್ಟುಕೊಡುವುದಿಲ್ಲ.

"ಮುಚ್ಚಳ ತಗೀಬೇಕಾರ ಎರಡ ಬೆರಳ ಎತ್ತಿ, ಉಸರ ಆಡಾಕ ಬಿಟ್ಟು..." ಎನ್ನುತ್ತಿದ್ದಂತೆ ಜಿನೇಂದ್ರ ತಾಳ್ಮೆಗೆಟ್ಟು ಮುಚ್ಚಳವನ್ನು ಧಡಕ್ಕನೆ ಎತ್ತಿಯೇಬಿಟ್ಟ. ಒಳಗಿಂದ ಬೆಂಕಿ ಭಗ್ಗನೆ ಮೇಲೆದ್ದಿತು. ಅರ್ಜುನ ರಟ್ಟೆ ಹಿಡಿದು ಎಳೆಯದಿದ್ದರೆ ಮುಖವೇ ಹೋಗುತ್ತಿತ್ತು. ಹೋದದ್ದು ಎಡಗಡೆಯ ಮೀಸೆ ಅಷ್ಟೇ. ಜಿನೇಂದ್ರ ನಕ್ಕ, ಅರ್ಜುನನೂ ನಕ್ಕ. ಇಂದುಬಾಯಿ ಮಾತ್ರ ಕೈಯಲ್ಲಿದ್ದ ಇದ್ದಿಲನ್ನು ತಟ್ಟಿ ನೋಡದೆಯೇ ಬುಟ್ಟಿಗೆ ಎಸೆದಳು. ಕೂಸು ಇದ್ದಾಗಿನಿಂದ ಮಗನನ್ನು ಮುಟ್ಟಿ ಎಳೆಯುವ ಹಕ್ಕು ತನಗೊಬ್ಬಳಿಗೇ ಇತ್ತು. ಈಗ ಇವನು ಯಾರು?

ಅಂದು ಅರ್ಜುನ ಎರಡೂ ಕಿಂಡಿ ತೆರೆದು ಮೂರು ತಾಸು ಉರಿ ಕೊಟ್ಟ. ಹಳೆಯ ಜಿಡ್ಡು, ಕಂದು ಕಲೆ ಎಲ್ಲ ಉರಿದು, ಒಳಮೈ ಬೂದಿ ಬಣ್ಣಕ್ಕೆ ತಿರುಗಿತು. "ನೋಡ್ರಿ ಅವ್ವಾರ, ಹಳೇದ ಏನೂ ಉಳಿದಿಲ್ಲ. ಬೆಂಕೀನ ಎಲ್ಲಾ ತೊಳದೈತಿ. ಇನ್ನ ಇದಕ್ಕ ನೀರ ಮಾತ್ರ ತೋರಸ್ಬ್ಯಾಡ್ರಿ," ಎಂದು ಕೈಜೋಡಿಸಿ ಹೇಳಿ ಹೋದ.

ಹೇಳಿದ್ದೇ ತಪ್ಪಾಯಿತು ನೋಡಿ. ನೀರು ತೋರಿಸಬೇಡ! ಇಂದುಬಾಯಿಯ ಐವತ್ತೆಂಟು ವರ್ಷದ ಬಾಳಿನಲ್ಲಿ ನೀರು ತೋರಿಸಬಾರದ ಪಾತ್ರೆಯನ್ನು ಅವಳು ಕಂಡಿರಲಿಲ್ಲ. ತೊಳೆಯಬೇಡ ಅನ್ನುವವನು ಏನನ್ನೋ ಬಚ್ಚಿಡುತ್ತಾನೆ. ತೊಳೆದರೆ ಯಾವ ವಾಸನೆ ಏಳುತ್ತದೋ, ಯಾವ ಎಲುಬಿನ ಚೂರು ಕಾಣುತ್ತದೋ! ಕೋಳಿ ಬೆಂದ ಗಡಿಗೆಯಲ್ಲಿ ಸುಟ್ಟ ತೆನೆಯನ್ನು ತನ್ನ ಮಗ ಬಾಯಿಗಿಡುವುದನ್ನು ನೆನೆದರೆ ಮೈಯೆಲ್ಲ ಹೇಸುತ್ತಿತ್ತು.

ಅಂಗಡಿ ಸುರುವಾಗುವ ಹಿಂದಿನ ದಿನ ಜಿನೇಂದ್ರ, ಅರ್ಜುನ ಇಬ್ಬರೂ ತಗಡು ತರಲು ಹುಕ್ಕೇರಿಗೆ ಹೋಗಿದ್ದರು. ಇಂದುಬಾಯಿ ಸೆರಗು ಸಿಕ್ಕಿಸಿದಳು. ಕೆಳಗಿನ ಕಿಂಡಿಗೆ ಹಳೆಯ ಸೀರೆಯ ಚಿಂದಿ ತುರುಕಿದಳು. ಸೋಸಿದ ನೀರನ್ನು ಕೊಡದ ಮೇಲೆ ಕೊಡ ಹೊತ್ತು ತಂದು, ಹುಣಸೆಹಣ್ಣು ಕಲೆಸಿ, ಗಡಿಗೆಯ ಕಂಠದವರೆಗೆ ತುಂಬಿಸಿದಳು. ಹೊಸ ಗಡಿಗೆ ಮನೆಗೆ ಬಂದರೆ ಇಡೀ ದಿನ ನೀರಿನಲ್ಲಿ ನೆನೆಹಾಕುವುದು ಅವಳ ಅತ್ತೆ ಕಲಿಸಿದ ಪದ್ಧತಿ, ಆ ಅತ್ತೆಗೆ ಅವಳ ಅತ್ತೆ ಕಲಿಸಿದ್ದು. ನೆನೆದ ಗಡಿಗೆ ಗಟ್ಟಿಯಾಗುತ್ತದೆ, ಮೈಲಿಗೆ ಬಿಡುತ್ತದೆ. ಮುಂಜಾನೆಯಿಂದ ಇಳಿಹೊತ್ತಿನವರೆಗೆ ಬಿಟ್ಟು, ಚಿಂದಿ ಕಿತ್ತು ನೀರು ಹರಿಸಿ, ಒಳಗೆ ಹೊರಗೆ ತಿಕ್ಕಿ ಒರೆಸಿ ಇಟ್ಟಳು. ಎಲುಬಿನ ಚೂರೇನೂ ಕಾಣಲಿಲ್ಲ. ಆದರೂ ಎದೆ ಹಗುರಾಯಿತು. ಯಾರಿಗೂ ಹೇಳಲಿಲ್ಲ.

ಆ ಸಂಜೆಯೇ ಟೆಂಪೋ ಬಂದು ಗಡಿಗೆಯನ್ನು ನಿಡಸೋಸಿಗೆ ಒಯ್ದಿತು. ಕಾವಲಿಗೆ ಅರ್ಜುನನೇ ಅಂಗಡಿಯಲ್ಲಿ ಮಲಗಿದ.

ಬೆಳಗ್ಗೆ ಒಂಬತ್ತಕ್ಕೆ ಜನ ಸೇರಿದ್ದರು. ಕಾಲೇಜಿನ ಹುಡುಗರು, ಬೆಲ್ಲದ ವ್ಯಾಪಾರಿಗಳು, ಎದುರಿನ ಚಹಾದಂಗಡಿಯ ಹನಮಂತ. ಇಂದುಬಾಯಿ ತೆಂಗಿನಕಾಯಿ ಹಿಡಿದು ನಿಂತಿದ್ದಳು. ಅರ್ಜುನ ಮುಚ್ಚಳ ಎತ್ತಿ ಒಳಗೆ ಕೈ ಆಡಿಸಿದ. ಮತ್ತೊಮ್ಮೆ ಆಡಿಸಿದ. ಜಿನೇಂದ್ರನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ.

"ಸಾವ್ಕಾರ್ರ, ಇವತ್ತ ಬ್ಯಾಡ್ರಿ. ಒಳಗ ಹಸಿ ಐತಿ. ಒಂದ ವಾರ ಬಿಸಲಾಗ ಇಡೂಣು."

"ಹಸಿ? ಹಸಿ ಎಲ್ಲಿಂದ ಬಂತೋ?"

ಅರ್ಜುನ ಒಮ್ಮೆ ಇಂದುಬಾಯಿಯ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ಮಂಜಿಂದ ಇರಬೇಕ್ರಿ."

ಆ ನೋಟ ಕಳ್ಳನ ನೋಟ ಎಂದೇ ಇಂದುಬಾಯಿಗೆ ಅನಿಸಿತು. ಹಿಂದಿನ ದಿನದ ನೀರು ಅವಳಿಗೆ ನೆನಪಾಗಲಿಲ್ಲವೆಂದಲ್ಲ. ಆದರೆ ನೀರಿನಿಂದ ಗಡಿಗೆಗೆ ಏನಾದೀತು? ಇವನೇನೋ ನೆವ ಹುಡುಕುತ್ತಿದ್ದಾನೆ, ಸುರುವಾಗುವ ದಿನವೇ ಕೈಕೊಡುತ್ತಿದ್ದಾನೆ ಎಂದುಕೊಂಡಳು.

"ಇಷ್ಟ ಮಂದಿ ಕರದೇನಿ, ಒಂದ ವಾರ ಅಂತಾನ!" ಎಂದು ಜಿನೇಂದ್ರ ಗದರಿದ. ಅರ್ಜುನ ಸಣ್ಣ ಉರಿ ಹಚ್ಚಿದ, ಕಿಂಡಿಯನ್ನು ಬೆರಳಗಲವಷ್ಟೇ ಬಿಟ್ಟ. ಅರ್ಧ ತಾಸಾದರೂ ಮುಳ್ಳು ಏಳಲೊಲ್ಲದು. ಹುಡುಗರು ಸಿಳ್ಳೆ ಹಾಕತೊಡಗಿದರು. ಜಿನೇಂದ್ರ ತಾನೇ ಬಗ್ಗಿ ಕೆಳಗಿನ ಕಿಂಡಿಯನ್ನು ಪೂರ್ತಿ ತೆರೆದ, ಮೇಲಿನದನ್ನೂ ತೆರೆದ. "ಬ್ಯಾಡ್ರಿ, ಬ್ಯಾಡ್ರಿ," ಎನ್ನುತ್ತ ಅರ್ಜುನ ಓಡಿಬರುವಷ್ಟರಲ್ಲಿ ಮುಳ್ಳು ಸರಸರನೆ ಏರಿತು. ಒಳಗೆ ಟಪ್ ಎಂದಿತು. ಇನ್ನೊಮ್ಮೆ ಟಪ್. ಆಮೇಲೆ ಗುಂಡು ಹಾರಿದಂಥ ಸಪ್ಪಳ. ನೀಲಿ ಗಡಿಗೆ ಕಂಠದಿಂದ ಬುಡದವರೆಗೆ ಬಾಯಿಬಿಟ್ಟು, ಕೆಂಡವೆಲ್ಲ ನೆಲಕ್ಕೆ ಸುರಿಯಿತು.

ಯಾರಿಗೂ ಗಾಯವಾಗಲಿಲ್ಲ, ಅದೊಂದು ಪುಣ್ಯ. ಇಂದುಬಾಯಿಯ ಬಾಯಿಂದ ಮೊದಲು ಹೊರಬಿದ್ದ ಮಾತು, "ನಾ ಅವತ್ತs ಹೇಳಿದ್ದೆ, ಈ ಹುಡುಗನ್ನ ನಂಬಬ್ಯಾಡ ಅಂತ!" ಹಾಗೆ ಅವಳು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಹೇಳಿದಂತೆಯೇ ಆಯಿತು, ಹತ್ತು ಜನ ಕೇಳಿಸಿಕೊಂಡರು.

ಮೂರನೆಯ ದಿನ ಜಿನೇಂದ್ರ ಕುಂಬಾರ ಲಗಮಪ್ಪನನ್ನು ಅಂಗಡಿಗೆ ಕರೆಸಿದ, ಬೆಸೆಯಲಾದೀತೇ ಎಂದು ಕೇಳಲು. ಇಂದುಬಾಯಿಯೂ ಬಂದಿದ್ದಳು. ಎದುರಿನ ಚಹಾದಂಗಡಿಯವರೆಲ್ಲ ಎದ್ದು ಬಂದು ಸುತ್ತ ನಿಂತರು. ಮುದುಕ ಒಂದು ಚೂರನ್ನು ಎತ್ತಿ, ಒಡೆದ ಅಂಚಿಗೆ ಉಗುರು ಎಳೆದು, ನಾಲಿಗೆಗೆ ಹಚ್ಚಿ ನೋಡಿದ.

"ಬೆಂಕಿ ತಪ್ಪಲ್ರಿ ಸಾವ್ಕಾರ್ರ. ಈ ಮಣ್ಣ ನೀರ ಕುಡದೈತಿ. ಒಂದ ತಂಬಿಗಿ ಎರಡ ತಂಬಿಗಿ ಅಲ್ಲ, ಹೊಟ್ಟಿ ತುಂಬ ಕುಡದೈತಿ. ಒಳಗಿನ ನೀರ ಉಗಿ ಆಗಿ, ಹೊರಗ ಹೋಗಾಕ ಹಾದಿ ಇಲ್ದ ಒಡದೈತಿ."

ಇಂದುಬಾಯಿ ಮುಂದೆ ಬಂದು ಇನ್ನೊಂದು ಚೂರನ್ನು ಮುಟ್ಟಿ ನೋಡಿದಳು. "ಅಲ್ಲೋ ಲಗಮಪ್ಪಾ," ಎಂದಳು ಮೆಲ್ಲಗೆ, "ಹೊಸಾ ಗಡಿಗಿ ನಾವು ನೀರಾಗs ನೆನಿ ಹಾಕತೇವಲ್ಲ?"

"ಅದು ಬೆರಳ ದಪ್ಪಂದ್ರೀ ಅವ್ವಾರ, ಮರುದಿನ ಒಣಗತೈತಿ. ಇದರ ಮೈ ನೋಡ್ರಿ, ಗೋಡಿ ಇದ್ದಂಗ ಐತಿ. ಹದಿನೈದ ದಿನ ಬೇಕು."

ಜಿನೇಂದ್ರ ತೊಡೆ ತಟ್ಟಿದ. "ತಿಳೀತು! ರಾತ್ರಿ ಒಬ್ಬನs ಇದ್ದ. ಕೋಳಿ ತಂದು ಸುಟ್ಟ ತಿಂದು, ವಾಸನಿ ಬರಬಾರದಂತ ತೊಳದಾನ. ಅದಕ್ಕs ಹಸಿ ಐತಿ ಅಂದ, ಮಂಜ ಅಂದ. ಕಳ್ಳ!"

ಸುತ್ತ ನಿಂತವರು ಹೌದೌದು ಎಂದರು. ನೀರು ತುಂಬಿಸಿದ್ದು ತಾನೆಂದು ಆಗಲೇ ಹೇಳಬೇಕಿತ್ತು. ಇಂದುಬಾಯಿ ನಾಲಿಗೆ ಕಚ್ಚಿಕೊಂಡು ಸುಮ್ಮನೆ ನಿಂತಳು. ಆ ಹೊತ್ತಿಗೆ ಅಲ್ಲಿಗೇ ಬಂದ ಅರ್ಜುನನಿಗೆ ಜಿನೇಂದ್ರ ಎಲ್ಲರೆದುರು ಕಳ್ಳ ಎಂದ, ಬರಬೇಡ ಎಂದ. ಅರ್ಜುನ ಅಂಗಡಿಯೊಳಗಿನ ತನ್ನ ಚೀಲ ತೆಗೆದುಕೊಂಡು ಬಸ್ಸು ನಿಲ್ಲುವ ಕಡೆಗೆ ನಡೆದುಹೋದ.

ನಾಲ್ಕು ದಿನ ಇಂದುಬಾಯಿಗೆ ಬಸದಿಯಲ್ಲಿ ಕೈಜೋಡಿಸಿ ನಿಂತರೂ ಮನಸ್ಸು ನಿಲ್ಲಲಿಲ್ಲ. ಇರುವೆಗೂ ದಾರಿ ಬಿಟ್ಟು ನಡೆಯುವವಳು ತಾನು. ಒಬ್ಬರ ಮಗನ ಹೆಸರನ್ನು ಕಾಲಡಿ ಹಾಕಿ ತುಳಿದಿದ್ದೇನೆ ಎಂಬ ನಾಚಿಕೆ ಅವಳನ್ನು ಕೂತಲ್ಲಿ ಕೂರಗೊಡಲಿಲ್ಲ. ಐದನೆಯ ದಿನ ಮಗನ ಮುಂದೆ ಎಲ್ಲ ಹೇಳಿದಳು.

"ಹೇಳಿದ್ದು ಹೇಳಿದಿ, ಇನ್ನ ಯಾರ ಮುಂದೂ ಹೇಳಬ್ಯಾಡ," ಎಂದ ಜಿನೇಂದ್ರ. "ಅಷ್ಟ ಮಂದಿ ಮುಂದ ಕಳ್ಳ ಅಂದೇನಿ ಅವಂಗ. ಈಗ ಹೋಗಿ ಕಾಲ ಹಿಡೀಲೇನು?"

"ಹಿಡಿಯೋ! ಹಿಡದ್ರ ಏನ ಸವೀತೀಯಾ?" ಎಂದು ಅವಳು ರೇಗಿದಳು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮರುದಿನ ಇಂದುಬಾಯಿ ಗೋಕಾಕದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಮದಾಪುರಕ್ಕೆ ಹೋದಳು. ಅರ್ಜುನನ ತಾಯಿ ಕಾಡವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಬಂದವಳು ಯಾರೆಂದು ತಿಳಿದ ಮೇಲೆ ಕೂಡ್ರಿ ಎಂದಳು, ಮತ್ತೆ ಶೇಂಗಾ ಬಿಡಿಸತೊಡಗಿದಳು. ಒಳಗೆ ಅರ್ಜುನ ಟ್ರಂಕಿಗೆ ಅರಿವೆ ತುಂಬುತ್ತಿದ್ದ. ಕೊಲ್ಲಾಪುರದ ಕೆಲಸಕ್ಕೆ ಬೇರೆಯವನು ಬಂದಿದ್ದನಂತೆ. ರತ್ನಾಗಿರಿಯ ಒಂದು ಹೋಟೆಲಿನಲ್ಲಿ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತ್ತಂತೆ.

ಅವಳು ನಿಂತೇ ಹೇಳಿದಳು, ಒಂದೂ ಬಚ್ಚಿಡದೆ ಹೇಳಿದಳು. ಅರ್ಜುನ ಮಡಚುತ್ತಿದ್ದ ಅಂಗಿಯನ್ನು ಮಡಚಿ ಮುಗಿಸಿದ.

"ಗೊತ್ತಿತ್ರೀ ಅವ್ವಾರ. ಅವತ್ತ ಕೈ ಹಾಕಿದಾಗs ತಿಳೀತು. ಒಳಗ ಹುಣಸಿಹಣ್ಣಿನ ನಾರ ಹತ್ತಿತ್ತು. ನಿಮ್ಮ ಹಿತ್ತಲದಾಗ ಇದ್ದ ಗಡಿಗಿ. ಮತ್ತ ಯಾರ ತೊಳೀತಾರ?"

"ಮತ್ತ ಯಾಕ ಹೇಳ್ಲಿಲ್ಲೋ ತಮ್ಮಾ? ಎಲ್ಲಾರ ಮುಂದ ಹೇಳಬಾರದಾಗಿತ್ತೇನು?"

"ಹೇಳಿದ್ರ ನಂಬತಿದ್ರೇನ್ರಿ?"

ನಂಬುತ್ತಿದ್ದೆ ಎಂದರೆ ಸುಳ್ಳಾಗುತ್ತದೆಂದು ಇಂದುಬಾಯಿಗೆ ಗೊತ್ತಿತ್ತು. ಮಾಡಿದ ತಪ್ಪಿಗೆ ಇನ್ನೊಂದು ಸುಳ್ಳು ಯಾಕೆ?

"ನಾಳೆ ನಿಡಸೋಸಿಗಿ ಬಾರೋ. ಅದs ಮಂದಿ ಮುಂದ ನಾ ಹೇಳತೇನಿ, ನೀ ಬಾಜೂಕ ನಿಂದರು."

"ನಾಳೆ ನನ್ನ ಬಸ್ ಐತ್ರಿ," ಎಂದ ಅರ್ಜುನ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಚುಚ್ಚಿತು. "ಖರೆ ಹೇಳಾಕ ನಾ ಯಾಕ ಬೇಕ್ರಿ? ನೀವ ಹೇಳ್ರಿ. ನಿಮ್ಮ ಮಾತ ಎಲ್ಲಾರೂ ಕೇಳ್ತಾರ. ನಮ್ಮವ್ವ ಆ ಕಡೆ ಸಂತಿಗಿ ಹ್ವಾದ್ರ, ಕಳ್ಳನ ತಾಯಿ ಅನ್ನಬಾರದು. ಅಷ್ಟ ಮಾಡ್ರಿ."

ಅಷ್ಟು ಮಾಡಲೇಬೇಕೆಂದು ಮರುದಿನ ಇಂದುಬಾಯಿ ಒಬ್ಬಳೇ ನಿಡಸೋಸಿಯಲ್ಲಿ ಇಳಿದಳು. ಹನಮಂತನ ಚಹಾದಂಗಡಿಯಲ್ಲಿ ಅವತ್ತಿನ ಮಂದಿಯೇ ಕೂತಿದ್ದರು. ಲಗಮಪ್ಪನೂ ಇದ್ದ. ಸಾವ್ಕಾರ್ರ ತಾಯಿ ಬಂದಳೆಂದು ಎಲ್ಲರೂ ಎದ್ದು ನಿಂತರು. ಅವಳು ಕೂರಲಿಲ್ಲ.

"ಕೇಳ್ರಿ ಎಲ್ಲಾರೂ. ಆ ಗಡಿಗಿ ಒಡದದ್ದು ಅರ್ಜುನನಿಂದ ಅಲ್ಲ. ಅವ ಕೋಳಿ ಸುಟ್ಟಿಲ್ಲ, ತೊಳದಿಲ್ಲ, ಏನೂ ಮಾಡಿಲ್ಲ. ನೀರ ತುಂಬಸಿದಾಕಿ ನಾನು. ಅಂವ ಬ್ಯಾಡ ಅಂದಿದ್ದ, ನಾ ಕೇಳ್ಲಿಲ್ಲ. ತಪ್ಪ ನಂದು."

ಲಗಮಪ್ಪನೊಬ್ಬನೇ ತಲೆ ತಗ್ಗಿಸಿ ಕಪ್ಪಿನೊಳಗೆ ನೋಡುತ್ತ ಕೂತ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬೆಲ್ಲದ ವ್ಯಾಪಾರಿಯೊಬ್ಬ ಕೈಮುಗಿದ.

"ನೋಡ್ರಪಾ, ಎಂಥಾ ತಾಯಿ! ಕಂಡವರ ಹುಡುಗನ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾರ."

"ಹಾಕ್ಕೊಳ್ಳಾಕತ್ತಿಲ್ಲೋ! ನಾನs ಮಾಡೇನಿ!" ಇಂದುಬಾಯಿ ಚೀರಿದಳು. "ಬಸದಿ ಆಣಿ ಮಾಡಿ ಹೇಳತೇನಿ, ನನ್ನ ಮಗನ ಆಣಿ. ಇದs ಕೈಲೆ ಕೊಡ ಹೊತ್ತು ತುಂಬಸೇನಿ!"

ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಎಲ್ಲರ ಮನಸ್ಸೂ ಕರಗಿತು. ಹನಮಂತ ಕುರ್ಚಿ ಒರೆಸಿ ಮುಂದೆ ತಂದಿಟ್ಟ.

"ಸಮಾಧಾನ ಮಾಡ್ಕೊರ್ರಿ ಅವ್ವಾರ. ನಿಮ್ಮ ಬಗ್ಗೆ ನಮಗ ಗೊತ್ತಿಲ್ಲೇನ್ರಿ? ಅವನ ತಾಯಿ ಬಂದು ಅತ್ತಿರಬೇಕು, ನಿಮ್ಮ ಮನಸ ಕರಗೇತಿ. ಇಷ್ಟ ಒಳ್ಳ್ಯಾವ್ರ ಇರಬಾರದ್ರಿ," ಎಂದ. "ಇನ್ನ ಮ್ಯಾಲ ಅಂಥಾವ್ರನ್ನ ಮನಿ ಹತ್ರ ಸೇರಸಾಕ ಹೋಗಬ್ಯಾಡ್ರಿ."